ಪ್ರಸ್ತಾರದಿಂದ ಗಣಕದವರೆಗೆ

ನಮ್ಮ ಶಾಲೆಯ ಸ್ಮರಣ ಸಂಚಿಕೆಯ ಸಂಪಾದಕ ಮಂಡಳಿಯವರು ಎಂದಿನಂತೆ ಈ ಸಲವೂ ನನ್ನಿಂದ ಒಂದು ಲೇಖನವನ್ನು ಅಪೇಕ್ಷಿಸಿದರು. ಕನ್ನಡ ಪಂಡಿತನಾದವನು ವಚನಗಳ ಒಂದು ಮುಖವನ್ನೋ ಹಳಗನ್ನಡ ಕಾವ್ಯದ ಒಂದು ಪ್ರಸಂಗವನ್ನೋ ಆರಿಸಿಕೊಳ್ಳುವನೆಂದು ಅವರು ಭಾವಿಸಿದ್ದರೆ ಅದು ಸಹಜವೇ. ಆದರೆ ನಾನು ಈ ಬಾರಿ ಬರೆಯಹೊರಟಿರುವುದು ಗಣಕವಿಜ್ಞಾನದ ಸ್ನಾತಕೋತ್ತರ ವ್ಯಾಸಂಗವನ್ನು ಕುರಿತು; ಜನರ ಬಾಯಲ್ಲಿ 'ಎಂ.ಸಿ.ಎ.' ಎಂದೇ ರೂಢವಾಗಿರುವ ಪದವಿಯನ್ನು ಕುರಿತು. ಇದು ಅನಧಿಕಾರ ಪ್ರವೇಶವೆಂದು ಯಾರಿಗಾದರೂ ತೋರಿದರೆ ಅವರಲ್ಲಿ ನನ್ನ ವಿನಂತಿಯಿಷ್ಟೆ: ಆ ಪದವಿಯನ್ನು ನಾನು ಪಡೆದವನಲ್ಲ, ಆದರೆ ಅದರ ವ್ಯಾಸಂಗವು ಎರಡು ವರ್ಷಗಳ ಕಾಲ ನನ್ನ ಮನೆಯ ನಡುಮನೆಯಲ್ಲಿ, ನನ್ನ ಕಣ್ಣೆದುರಿಗೇ ನಡೆಯಿತು. ಕೇಳುಗನಾಗಿ ಕುಳಿತ ನಾನು ಕಡೆಗೆ ಅರೆಪಾಲು ವಿದ್ಯಾರ್ಥಿಯಾಗಿ ಎದ್ದೆ.

ಇದನ್ನು ಬರೆಯಲು ಇನ್ನೂ ಒಂದು ಕಾರಣವುಂಟು. ಪ್ರತಿವರ್ಷ ಬೇಸಿಗೆಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿಗಳ ತಂದೆತಾಯಿಗಳು ಔರಾದಿನಿಂದ, ಭಾಲ್ಕಿಯಿಂದ ಬಂದು, "ಗುರುಗಳೇ, ಹುಡುಗ ಪದವಿ ಮುಗಿಸ್ಯಾನ, ಮುಂದೇನು ಓದಿಸೋಣ್ರಿ?" ಎಂದು ಕೇಳುತ್ತಾರೆ. ಕಂಪ್ಯೂಟರಿನ ಮಾತು ಬಂದೊಡನೆ, "ಕನ್ನಡ ಶಾಲೆಯಲ್ಲಿ ಓದಿದವರಿಗೆ ಅದು ಹತ್ತೀತೇ?" ಎಂಬ ಎರಡನೆಯ ಪ್ರಶ್ನೆ ಅದರ ಬೆನ್ನಿಗೇ ಬರುತ್ತದೆ. ಈ ಎರಡನೆಯ ಪ್ರಶ್ನೆಗೆ ನಾನು ಕಂಡುಂಡ ಉತ್ತರವನ್ನು ಅಧ್ಯಾಪಕ ಬಂಧುಗಳ, ಹಳೆಯ ವಿದ್ಯಾರ್ಥಿಗಳ ಮತ್ತು ದಾನಿಗಳ ಮುಂದೆ ನಿವೇದಿಸಬಯಸುತ್ತೇನೆ.

ಬೀದರಿಗೆ ವಿದ್ಯಾಕೇಂದ್ರವೆಂಬ ಹೆಸರು ಹೊಸದಲ್ಲ. 1472ರಲ್ಲಿ ಬಹಮನಿ ರಾಜ್ಯದ ಮಂತ್ರಿ ಮಹಮೂದ ಗವಾನನು ಕಟ್ಟಿಸಿದ ಮದರಸಾ ಇಂದಿಗೂ ನಗರದ ನಡುವೆ ನಿಂತಿದೆ. 1696ರಲ್ಲಿ ಮದ್ದಿನ ಸ್ಫೋಟದಿಂದ ಅದರ ಒಂದು ಪಾರ್ಶ್ವವು ಉರುಳಿಹೋಯಿತು. ಉಳಿದ ಗೋಡೆಗಳ ಮೇಲೆ ಬಣ್ಣದ ಹೆಂಚುಗಳು ಇನ್ನೂ ಹೊಳೆಯುತ್ತಿವೆ. ಆದರೆ ಆಧುನಿಕ ತಾಂತ್ರಿಕ ಶಿಕ್ಷಣವು ನಮ್ಮ ಭಾಗವನ್ನು ಮುಟ್ಟಿದ್ದು ತೀರ ಈಚೆಗೆ. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವು ಸ್ಥಾಪನೆಯಾಯಿತು. ಅದೇ ವರ್ಷ ಬೀದರಿನಲ್ಲಿ ಗುರುನಾನಕ ದೇವ ಇಂಜಿನಿಯರಿಂಗ್ ಕಾಲೇಜು, 1982ರಲ್ಲಿ ಭಾಲ್ಕಿಯಲ್ಲಿ ಇಂಜಿನಿಯರಿಂಗ್ ಕಾಲೇಜು ಪ್ರಾರಂಭವಾದವು. 1998ರಲ್ಲಿ ಬೆಳಗಾವಿಯನ್ನು ಕೇಂದ್ರವಾಗಿಸಿಕೊಂಡು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ಹುಟ್ಟಿದ ಮೇಲೆ ಈ ಬಗೆಯ ಕಾಲೇಜುಗಳು ಅದರ ಆಶ್ರಯಕ್ಕೆ ಸೇರಿದವು. 2023ರಲ್ಲಿ ಬೀದರ ಜಿಲ್ಲೆಗೇ ಒಂದು ವಿಶ್ವವಿದ್ಯಾಲಯವು ದೊರೆಯಿತು. ಬಾಗಿಲುಗಳೇನೋ ಒಂದೊಂದಾಗಿ ತೆರೆದವು. ಒಳಗೆ ಹೋಗುವವರ ಕಾಲಿಗೆ ಬಲವಿದೆಯೇ ಎಂಬುದೇ ಪ್ರಶ್ನೆ.

ಎಂ.ಸಿ.ಎ. ಪದವಿಗೆ ಸೇರಬೇಕಾದರೆ ಯಾವುದಾದರೂ ಪದವಿಯಾಗಿರಬೇಕು, ಗಣಿತವನ್ನು ಪಿ.ಯು.ಸಿ.ಯಲ್ಲಾಗಲಿ ಪದವಿಯಲ್ಲಾಗಲಿ ಓದಿದವರಿಗೆ ದಾರಿ ಸುಗಮ. ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆಯನ್ನು ಬರೆದು, ದೊರೆತ ಶ್ರೇಯಾಂಕಕ್ಕೆ ಅನುಗುಣವಾಗಿ ಕಾಲೇಜನ್ನು ಆರಿಸಿಕೊಳ್ಳಬೇಕು. ಬಹುಕಾಲ ಮೂರು ವರ್ಷಗಳದ್ದಾಗಿದ್ದ ಈ ವ್ಯಾಸಂಗವನ್ನು 2020-21ರಿಂದ ಎರಡು ವರ್ಷಗಳಿಗೆ ಇಳಿಸಲಾಗಿದೆ. ನಮ್ಮ ಭಾಗದವರಿಗೆ ಸಂವಿಧಾನದ 371ಜೆ ವಿಧಿಯ ಒತ್ತಾಸೆಯೂ ಉಂಟು. 2012ರಲ್ಲಿ ಸಂಸತ್ತು ಅಂಗೀಕರಿಸಿದ ತಿದ್ದುಪಡಿಯ ಫಲವಾಗಿ, ಅಂದಿನ ಹೈದರಾಬಾದ ಕರ್ನಾಟಕದ, 2019ರಿಂದ ಕಲ್ಯಾಣ ಕರ್ನಾಟಕವೆಂದು ಕರೆಯಲಾಗುವ ಈ ಪ್ರದೇಶದ ವಿದ್ಯಾಸಂಸ್ಥೆಗಳಲ್ಲಿ ನೂರಕ್ಕೆ 70ರಷ್ಟು ಸ್ಥಾನಗಳೂ ಹೊರಗಿನ ಸಂಸ್ಥೆಗಳಲ್ಲಿ ನೂರಕ್ಕೆ 8ರಷ್ಟು ಸ್ಥಾನಗಳೂ ಇಲ್ಲಿಯವರಿಗೆ ಮೀಸಲಾಗಿವೆ. ಈ ಸೌಲಭ್ಯವು ಮಕ್ಕಳನ್ನು ತರಗತಿಯ ಬಾಗಿಲಿನವರೆಗೆ ತಲುಪಿಸುತ್ತದೆ. ಅಲ್ಲಿಂದ ಮುಂದಿನ ಹಾದಿಯನ್ನು ಅವರೇ ನಡೆಯಬೇಕು.

ನನ್ನ ತಮ್ಮನದು ಔರಾದ ತಾಲೂಕಿನ ಒಂದು ಸಣ್ಣ ಹಳ್ಳಿಯಲ್ಲಿ ಒಕ್ಕಲುತನ. ತೊಗರಿ, ಸೋಯಾ, ಹೆಸರು, ಉದ್ದು. ಎಲ್ಲವೂ ಮಳೆಯನ್ನು ನೆಚ್ಚಿದ ಬೆಳೆಗಳು. ಅವನ ಹಿರಿಯ ಮಗಳು ಎಂಟನೆಯ ತರಗತಿಯಿಂದ ಬೀದರಿನಲ್ಲಿ ನಮ್ಮ ಮನೆಯಲ್ಲಿದ್ದುಕೊಂಡು ನಮ್ಮ ಶಾಲೆಯಲ್ಲೇ ಓದಿದಳು. ಮುಂದೆ ಭಾಲ್ಕಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಪಿ.ಯು.ಸಿ.ಯನ್ನೂ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳ ಬಿ.ಎಸ್ಸಿ.ಯನ್ನೂ ಮುಗಿಸಿದಳು. ಲೆಕ್ಕದಲ್ಲಿ ಚುರುಕು, ಮಾತಿನಲ್ಲಿ ಮಿತ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಸಂತೆಯಲ್ಲಿ ದಖನಿ ಆಡುವ ಊರಿನವಳಾದುದರಿಂದ ಮೂರು ಭಾಷೆಗಳು ಅವಳಿಗೆ ಆಟದಲ್ಲಿಯೇ ಬಂದಿದ್ದವು. ಇಂಗ್ಲಿಷು ಮಾತ್ರ ಪುಸ್ತಕದ ಭಾಷೆಯಾಗಿ ಉಳಿದಿತ್ತು. ಕಣ್ಣಿಗೆ ಗೊತ್ತು, ನಾಲಗೆಗೆ ಗೊತ್ತಿಲ್ಲ.

2021ರಲ್ಲಿ ಅವಳು ಪ್ರವೇಶ ಪರೀಕ್ಷೆ ಬರೆದು, ನಗರದ ಕಾಲೇಜೊಂದರಲ್ಲಿ ಎಂ.ಸಿ.ಎ. ಸ್ಥಾನ ಗಳಿಸಿದಾಗ ಮನೆಯಲ್ಲಿ ಚರ್ಚೆ ಎದ್ದಿತು. ಆ ವರ್ಷ ತಮ್ಮನ ಬೆಳೆ ಕೈಗೆ ಹತ್ತಿರಲಿಲ್ಲ. ಒಂದು ಒಳ್ಳೆಯ ಮನೆತನದಿಂದ ಹುಡುಗಿಯನ್ನು ಕೇಳಿಕೊಂಡು ಬಂದಿದ್ದರು. ಬಿ.ಎಡ್. ಮಾಡಿಸಿದರೆ ಸಾಕು, ಹತ್ತಿರದ ಶಾಲೆಯಲ್ಲಿ ಕೆಲಸ ಸಿಕ್ಕೀತು ಎಂಬುದು ಹಿರಿಯರ ಅಭಿಪ್ರಾಯ. ಬಿ.ಎಡ್. ಕೂಡ ಈಗ ಎರಡು ವರ್ಷ, ಎಂ.ಸಿ.ಎ.ಯೂ ಎರಡು ವರ್ಷ. ಕಾಲ ಸಮವಾಗಿರುವಾಗ ಮಗುವಿನ ಮನಸ್ಸು ಎತ್ತ ಇದೆಯೋ ಅತ್ತ ಹೋಗಲಿ ಎಂದು ನಾನು ಹೇಳಿದೆ. ಬ್ಯಾಂಕಿನಿಂದ ಶಿಕ್ಷಣ ಸಾಲವನ್ನು ತೆಗೆದೆವು. ಸಾಲದ ಕಾಗದದ ಮೇಲೆ ತಮ್ಮನ ಸಹಿಯ ಕೆಳಗೆ ನನ್ನ ಸಹಿಯೂ ಬಿತ್ತು. ಹುಡುಗಿ ಮತ್ತೆ ನಮ್ಮ ಮನೆಗೆ ಬಂದಳು.

ಮೊದಲ ಆಂತರಿಕ ಪರೀಕ್ಷೆಯ ಫಲಿತಾಂಶ ಬಂದ ದಿನ ಅವಳು ಊಟಕ್ಕೆ ಏಳಲಿಲ್ಲ. ಐದು ವಿಷಯಗಳ ಪೈಕಿ ಮೂರರಲ್ಲಿ ಅಂಕಗಳು ತೀರ ಕಡಿಮೆ. ರಾತ್ರಿ ನನ್ನ ಬಳಿಗೆ ಬಂದು, "ದೊಡ್ಡಪ್ಪ, ಇದು ನನಗ ಆಗಂಗಿಲ್ರಿ. ಅವರು ಪಾಠ ಹೇಳೋದು ಕಿವಿಗಿ ಬೀಳ್ತದ, ತಲಿಗಿ ಹೋಗಲ್ದು. ನಾ ಊರಿಗಿ ಹೋಗಿ ಬಿ.ಎಡ್.ಗೆ ಅರ್ಜಿ ಹಾಕ್ತೀನಿ" ಎಂದಳು. ತರಗತಿಯಲ್ಲಿ ಪ್ರಶ್ನೆ ಕೇಳಬೇಕೆಂದರೆ ಮೊದಲು ವಾಕ್ಯವನ್ನು ಮನಸ್ಸಿನಲ್ಲಿ ಇಂಗ್ಲಿಷಿನಲ್ಲಿ ಜೋಡಿಸಿಕೊಳ್ಳಬೇಕು. ಅದು ಜೋಡಣೆಯಾಗುವಷ್ಟರಲ್ಲಿ ಪಾಠವು ಮುಂದಿನ ಪುಟಕ್ಕೆ ಹೋಗಿರುತ್ತದೆ. ಅವಳ ಸಂಕಟದ ಸಾರಾಂಶವೇ ಇದು.

ನಾನು ಅವಳನ್ನು ಸಮಾಧಾನಪಡಿಸುವ ಮಾತು ಆಡಲಿಲ್ಲ. ಅಂದು ತರಗತಿಯಲ್ಲಿ ಏನು ಹೇಳಿದರೆಂಬುದನ್ನು ನನಗೆ ಕನ್ನಡದಲ್ಲಿ ಹೇಳು ಎಂದೆ. "ನಿಮಗೇನು ತಿಳಿದೀತು ದೊಡ್ಡಪ್ಪ?" ಎಂದು ಅವಳು ಅಳುವಿನ ನಡುವೆಯೂ ನಕ್ಕಳು. ನನಗೆ ತಿಳಿಯದಿರುವುದೇ ಇಲ್ಲಿ ಅನುಕೂಲವೆಂದು ವಿವರಿಸಿದೆ. ತಿಳಿದವನ ಮುಂದೆ ಅರ್ಧ ಹೇಳಿದರೂ ಅವನು ಉಳಿದರ್ಧವನ್ನು ತಾನೇ ಪೂರೈಸಿಕೊಳ್ಳುತ್ತಾನೆ. ತಿಳಿಯದವನಿಗೆ ತಿಳಿಸಬೇಕಾದರೆ ಹೇಳುವವನಿಗೆ ಪೂರ್ತಿ ತಿಳಿದಿರಬೇಕು. ನಾವು ಪಾಠಶಾಲೆಯಲ್ಲಿ ಓದುವಾಗ ಗುರುಗಳು ಹಿಂದಿನ ದಿನದ ಪಾಠವನ್ನು ಕಿರಿಯ ವಿದ್ಯಾರ್ಥಿಗಳಿಗೆ ನಮ್ಮಿಂದಲೇ ಹೇಳಿಸುತ್ತಿದ್ದರು. ಚಿಂತನೆ ಎಂದು ಅದಕ್ಕೆ ಹೆಸರು. ಅದೇ ಪದ್ಧತಿಯನ್ನು ನಡುಮನೆಯಲ್ಲಿ ಆರಂಭಿಸಿದೆವು. ನಿಯಮವಿಷ್ಟು: ದಿನವೂ ಊಟವಾದ ಮೇಲೆ ಒಂದು ಗಂಟೆ, ಪಾಠವನ್ನು ಕನ್ನಡದಲ್ಲಿ ಹೇಳಬೇಕು, ನನಗೆ ಅರ್ಥವಾದ ಮೇಲೆ ಅದನ್ನೇ ಅವಳು ಇಂಗ್ಲಿಷಿನಲ್ಲಿ ಬರೆಯಬೇಕು.

ಮೊದಲ ವಾರ ಅವಳು 'ಸ್ಟ್ಯಾಕ್' ಎಂಬುದನ್ನು ವಿವರಿಸಲು ಹೆಣಗಿದಳು. ಕಡೆಯಲ್ಲಿ ಇಟ್ಟದ್ದನ್ನು ಮೊದಲು ತೆಗೆಯಬೇಕಾದ ಒಟ್ಟಣೆ ಅದು ಎಂದಾಗ, ಅಡಿಗೆಮನೆಯಿಂದ ನನ್ನ ಮನೆಯಾಕೆ, "ಅದು ರೊಟ್ಟಿ ಬುಟ್ಟಿ ಅಲ್ಲೇನವ್ವ? ಕಡೀಕ ಬಡಿದ ರೊಟ್ಟಿ ಮ್ಯಾಲ ಇರ್ತದ, ಅದನ್ನೇ ಮೊದಲ ಬಡಸ್ತೀವಿ" ಎಂದಳು. ಸಮಸ್ಯೆ ಬಗೆಹರಿಯಿತು. 'ಕ್ಯೂ' ಎಂಬುದು ನ್ಯಾಯಬೆಲೆ ಅಂಗಡಿಯ ಮುಂದಿನ ಸಾಲು. ಮೊದಲು ನಿಂತವನಿಗೆ ಮೊದಲು ಅಕ್ಕಿ. 'ಟ್ರೀ' ಎಂಬುದು ಮನೆತನದ ವಂಶಾವಳಿ. 'ಪಾಯಿಂಟರ್' ಎಂಬುದು ವಸ್ತುವಲ್ಲ, ವಸ್ತುವಿರುವ ಮನೆಯ ವಿಳಾಸವನ್ನು ಬರೆದ ಚೀಟಿ; ಚೀಟಿ ಕೈಯಲ್ಲಿದ್ದು ಮನೆ ಬಿದ್ದುಹೋಗಿದ್ದರೆ ಹೋದವನು ಬಯಲಿನಲ್ಲಿ ನಿಲ್ಲುತ್ತಾನೆ. ಪರಿಭಾಷೆಯ ಶಬ್ದಗಳನ್ನು ನಾವು ಅನುವಾದಿಸಲಿಲ್ಲ. ಸ್ಟ್ಯಾಕು ಸ್ಟ್ಯಾಕಾಗಿಯೇ ಉಳಿಯಿತು. ಅದರ ಸುತ್ತಲಿನ ಕ್ರಿಯಾಪದಗಳು, ವಿಭಕ್ತಿಗಳು, 'ಆದ್ದರಿಂದ', 'ಇಲ್ಲದಿದ್ದರೆ', 'ಅಲ್ಲಿಯವರೆಗೆ' ಎಂಬ ಅವ್ಯಯಗಳು ಮಾತ್ರ ಕನ್ನಡವಾದವು. ತರ್ಕವು ಇರುವುದು ಈ ಸಣ್ಣ ಶಬ್ದಗಳಲ್ಲಿಯೇ. ಅವು ತಾಯ್ನುಡಿಯಲ್ಲಿ ಸ್ಥಿರವಾದೊಡನೆ ಪರಭಾಷೆಯ ವಾಕ್ಯವು ತನ್ನ ಭಯಂಕರ ರೂಪವನ್ನು ಬಿಟ್ಟುಕೊಟ್ಟಿತು.

ಮುಂದೊಂದು ದಿನ ಅವಳು ದ್ವಿಮಾನ ಸಂಖ್ಯೆಗಳ ಪಾಠವನ್ನು ತಂದಳು. ಗಣಕಯಂತ್ರವು ಸೊನ್ನೆ ಮತ್ತು ಒಂದು ಎಂಬ ಎರಡೇ ಚಿಹ್ನೆಗಳಿಂದ ಎಲ್ಲವನ್ನೂ ಬರೆದುಕೊಳ್ಳುತ್ತದೆ ಎಂದಳು. ಮೂರು ಸ್ಥಾನಗಳಿದ್ದರೆ ಎಂಟು ರೂಪಗಳು ಎಂದು ಅವಳು ಹೇಳಿದಾಗ ನನ್ನ ಕಿವಿ ನೆಟ್ಟಗಾಯಿತು. ಎರಡು ಚಿಹ್ನೆ, ಮೂರು ಸ್ಥಾನ, ಎಂಟು ರೂಪ! ಇದು ನಾನು ಮೂವತ್ತು ವರ್ಷಗಳಿಂದ ಒಂಬತ್ತನೆಯ ತರಗತಿಗೆ ಹೇಳುತ್ತ ಬಂದಿರುವ ಅಕ್ಷರಗಣಗಳ ಪಾಠವಲ್ಲವೇ? ಲಘು ಗುರುಗಳೆಂಬ ಎರಡರಿಂದ ಮೂರಕ್ಷರದ ಎಂಟು ಗಣಗಳಾಗುತ್ತವೆ. ಅವುಗಳನ್ನು ಕ್ರಮವಾಗಿ ಬರೆಯುವುದಕ್ಕೆ ಪ್ರಸ್ತಾರವೆಂದು ಹೆಸರು: ಮಗಣ, ಯಗಣ, ರಗಣ, ಸಗಣ, ತಗಣ, ಜಗಣ, ಭಗಣ, ನಗಣ.

ಪಿಂಗಲನ ಛಂದಃಶಾಸ್ತ್ರದಿಂದ ಬಂದ ಪರಂಪರೆಯಲ್ಲಿ 'ನಷ್ಟ'ವೆಂಬ ಒಂದು ಲೆಕ್ಕವುಂಟು. ಪ್ರಸ್ತಾರದ ಸಾಲೊಂದು ಅಳಿಸಿಹೋಗಿದೆ, ಅದರ ಕ್ರಮಸಂಖ್ಯೆ ಮಾತ್ರ ಗೊತ್ತು, ಅದರ ರೂಪವೇನು? ಸಂಖ್ಯೆ ಸಮವಾಗಿದ್ದರೆ ಲಘುವನ್ನು ಬರೆದು ಅರ್ಧ ಮಾಡಬೇಕು. ಬೆಸವಾಗಿದ್ದರೆ ಗುರುವನ್ನು ಬರೆದು, ಒಂದನ್ನು ಕೂಡಿಸಿ ಅರ್ಧ ಮಾಡಬೇಕು. ಆರನೆಯ ಸಾಲನ್ನು ತೆಗೆದುಕೊಳ್ಳಿರಿ. ಆರು ಸಮ, ಆದ್ದರಿಂದ ಲಘು, ಅರ್ಧ ಮೂರು. ಮೂರು ಬೆಸ, ಆದ್ದರಿಂದ ಗುರು. ಒಂದು ಕೂಡಿಸಿ ಅರ್ಧ ಮಾಡಿದರೆ ಎರಡು. ಎರಡು ಸಮ, ಆದ್ದರಿಂದ ಲಘು. ಲಘು, ಗುರು, ಲಘು: ಅದೇ ಜಗಣ. ಇದರ ವಿಲೋಮವು 'ಉದ್ದಿಷ್ಟ'. ಅಕ್ಷರಗಳ ಮೇಲೆ ಒಂದು, ಎರಡು, ನಾಲ್ಕು ಎಂದು ಇಮ್ಮಡಿಸುತ್ತ ಬರೆದು, ಲಘುಗಳ ಮೇಲಿನ ಅಂಕಗಳನ್ನು ಕೂಡಿಸಿ, ಅದಕ್ಕೆ ಒಂದನ್ನು ಸೇರಿಸಿದರೆ ಸಾಲಿನ ಸಂಖ್ಯೆ ಬರುತ್ತದೆ. ಜಗಣದಲ್ಲಿ ಒಂದು ಮತ್ತು ನಾಲ್ಕು ಸೇರಿ ಐದು, ಮತ್ತೊಂದು ಸೇರಿ ಆರು.

ನಾನು ಸೀಮೆಸುಣ್ಣದಿಂದ ನೆಲದ ಮೇಲೆ ಇದನ್ನು ಬರೆದಾಗ ಹುಡುಗಿ ಬಹಳ ಹೊತ್ತು ನೋಡುತ್ತ ಕುಳಿತಳು. ಗುರುವಿಗೆ ಸೊನ್ನೆ, ಲಘುವಿಗೆ ಒಂದು ಎಂದಿಟ್ಟುಕೊಂಡರೆ ಜಗಣವು ಯಂತ್ರದ ಐದಾಗುತ್ತದೆ. ನಾವು ಒಂದರಿಂದ ಎಣಿಸಿದರೆ ಯಂತ್ರವು ಸೊನ್ನೆಯಿಂದ ಎಣಿಸುತ್ತದೆ, ಅಂತರವಿರುವುದು ಅಷ್ಟರಲ್ಲೇ. ಅವಳಿಗೆ ಅತ್ಯಂತ ಕಠಿಣವಾಗಿದ್ದ 'ರಿಕರ್ಷನ್' ಎಂಬ ವಿಷಯವೂ ಅದೇ ರಾತ್ರಿ ಸುಲಭವಾಯಿತು. ಎರಡಕ್ಷರದ ಪ್ರಸ್ತಾರದ ಪ್ರತಿಯೊಂದು ಸಾಲಿನ ತುದಿಗೆ ಮೊದಲು ಗುರುವನ್ನೂ ಆಮೇಲೆ ಲಘುವನ್ನೂ ಹಚ್ಚಿದರೆ ಮೂರಕ್ಷರದ ಪ್ರಸ್ತಾರವಾಗುತ್ತದೆ, ಅದರಿಂದ ನಾಲ್ಕಕ್ಷರದ್ದು. ದೊಡ್ಡ ಸಮಸ್ಯೆಯು ತನ್ನದೇ ಚಿಕ್ಕ ರೂಪವನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದೆ. ಉತ್ಪಲಮಾಲೆಯೂ ಮತ್ತೇಭವಿಕ್ರೀಡಿತವೂ ಇಪ್ಪತ್ತಕ್ಷರದ ವೃತ್ತಗಳು. ಇಪ್ಪತ್ತಕ್ಷರಗಳ ಪ್ರಸ್ತಾರಕ್ಕೆ 10,48,576 ಸಾಲುಗಳು. ಗಣಕದವರು ಸ್ಮೃತಿಕೋಶವನ್ನು ಅಳೆಯುವಾಗ 'ಮೆಗಾ' ಎಂದು ಎಣಿಸುತ್ತ ಬಂದ ಸಂಖ್ಯೆಯೂ ಅದೇ ಎಂದು ಅವಳು ಹೇಳಿದಳು. ನಾನು ಬೆರಗಾದೆ. ಅವಳ ಬೆರಗು ಬೇರೆ ತೆರನಾದದ್ದು. ತಾನು ಒಂಬತ್ತನೆಯ ತರಗತಿಯಲ್ಲಿ ಅಂಕಗಳಿಗಾಗಿ ಕಂಠಪಾಠ ಮಾಡಿದ್ದು ಈ ಕಠಿಣ ಶಾಸ್ತ್ರದ ಹೊಸ್ತಿಲೇ ಆಗಿತ್ತು, ತಾನು ಬರಿಗೈಯಲ್ಲಿ ಬಂದವಳಲ್ಲ ಎಂಬ ಅರಿವು ಅದು. ಬಿ.ಎಡ್. ಅರ್ಜಿಯ ಮಾತು ಮತ್ತೆ ಬರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳದಿದ್ದರೆ ಪಾಂಡಿತ್ಯಕ್ಕೆ ಅಪಚಾರವಾದೀತು. ನಮ್ಮ ಪೂರ್ವಿಕರಿಗೆ ಗಣಕಯಂತ್ರವು ಗೊತ್ತಿತ್ತು ಎಂದು ಹೇಳುವವರಿದ್ದಾರೆ. ಅದು ಸಲ್ಲದು. ಪಿಂಗಲನು ಪದ್ಯಗಳ ರೂಪಗಳನ್ನು ಎಣಿಸಿದನು; ಎರಡೇ ಅಂಕಗಳಿಂದ ಗಣಿತದ ಕ್ರಿಯೆಗಳನ್ನೆಲ್ಲ ನಡೆಸುವ ಪದ್ಧತಿಯನ್ನು ಯುರೋಪಿನಲ್ಲಿ ಲೈಬ್ನಿಟ್ಸನು 1703ರಲ್ಲಿ ಪ್ರಕಟಿಸಿದನು; ವಿದ್ಯುತ್ತಿನಿಂದ ಅದನ್ನು ನಡೆಸಿದವರು ಇಪ್ಪತ್ತನೆಯ ಶತಮಾನದವರು. ಪಾಣಿನಿಯ ಸುಮಾರು ನಾಲ್ಕು ಸಾವಿರ ಸೂತ್ರಗಳ ರಚನಾಕ್ರಮವನ್ನು ಕಂಡು, ಗಣಕಭಾಷೆಗಳ ವ್ಯಾಕರಣವನ್ನು ಬರೆಯುವ ಬ್ಯಾಕಸ್ ಪದ್ಧತಿಗೆ ಪಾಣಿನಿಯ ಹೆಸರನ್ನೂ ಸೇರಿಸಬೇಕೆಂದು ಇಂಗರ್ಮನ್ ಎಂಬ ವಿದ್ವಾಂಸರು 1967ರಲ್ಲಿ ಸೂಚಿಸಿದರು. 1985ರಲ್ಲಿ ರಿಕ್ ಬ್ರಿಗ್ಸ್ ಎಂಬವರು ಸಂಸ್ಕೃತದ ಶಾಬ್ದಬೋಧ ವಿಚಾರವನ್ನೂ ಯಂತ್ರಬುದ್ಧಿಯನ್ನೂ ಹೋಲಿಸಿ ಒಂದು ಪ್ರಬಂಧವನ್ನು ಬರೆದರು. ಇವು ಗೌರವಾರ್ಹವಾದ ಹೋಲಿಕೆಗಳು. ಹೋಲಿಕೆಯನ್ನು ಉತ್ಪತ್ತಿಯೆಂದು ತಿಳಿಯಬಾರದು. ಹಳೆಯದನ್ನು ಬಲ್ಲವನಿಗೆ ಹೊಸದನ್ನು ಹಿಡಿಯಲು ಒಂದು ಹಿಡಿಕೆ ಸಿಗುತ್ತದೆ ಎಂಬಷ್ಟೇ ನನ್ನ ಅಭಿಪ್ರಾಯ. ಆ ಹಿಡಿಕೆಯು ನಮ್ಮ ಮಕ್ಕಳ ಕೈಯಲ್ಲಿದ್ದೂ ಅವರಿಗೆ ಕಾಣದಿರುವುದು ಶೋಚನೀಯ.

ನಮ್ಮ ನಾಡಿನಲ್ಲಿ ಭಾಷೆಯ ಅಡಚಣೆ ಹೊಸದೂ ಅಲ್ಲ. ನಿಜಾಮರ ಆಳಿಕೆಯಲ್ಲಿ ಕನ್ನಡ ಶಾಲೆ ನಡೆಸುವುದು ದುಸ್ತರವಾಗಿದ್ದಾಗ ಭಾಲ್ಕಿ ಹಿರೇಮಠದ ಪೂಜ್ಯ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಕನ್ನಡವನ್ನು ಕಲಿಸಿದರೆಂಬುದನ್ನು ಈ ಜಿಲ್ಲೆಯ ಮಕ್ಕಳೂ ಬಲ್ಲರು. 1890ರಿಂದ 1999ರವರೆಗೆ ಬಾಳಿದ ಆ ಮಹನೀಯರು ಉರ್ದುವನ್ನು ದ್ವೇಷಿಸಿದವರಲ್ಲ. ಮಗುವಿನ ತಿಳಿವಳಿಕೆ ಬೇರೂರುವ ನೆಲ ಯಾವುದೆಂಬುದನ್ನು ಅವರು ಅರಿತಿದ್ದರು. ಇಂದು ಗಣಕ ವಿದ್ಯೆಯ ಬಾಗಿಲಿನ ಮೇಲೆ ಇಂಗ್ಲಿಷಿನ ಫಲಕವಿದೆ. ಅದನ್ನು ಯಾರೂ ಬಲವಂತವಾಗಿ ಹಾಕಿದ್ದಲ್ಲ. ಜಗತ್ತಿನ ವ್ಯವಹಾರವು ಹಾಗೆ ಸಾಗಿದೆ. ಪರೀಕ್ಷೆಯ ಉತ್ತರವನ್ನು ಆ ಭಾಷೆಯಲ್ಲೇ ಬರೆಯಬೇಕು, ಉದ್ಯೋಗದ ಸಂದರ್ಶನವನ್ನು ಆ ಭಾಷೆಯಲ್ಲೇ ಎದುರಿಸಬೇಕು. ಅದಕ್ಕೆ ಮಕ್ಕಳನ್ನು ಸಿದ್ಧಗೊಳಿಸಲೇಬೇಕು. ಆದರೆ ಒಳಗಿನ ತಿಳಿವಳಿಕೆಯು ಕನ್ನಡದಲ್ಲಿ ನಡೆದರೆ ಯಾವ ನಿಯಮಕ್ಕೂ ಭಂಗವಿಲ್ಲ.

ಕಡೆಯ ಷಣ್ಮಾಸದಲ್ಲಿ ಅವಳು ಒಂದು ಸ್ವತಂತ್ರ ಕಾರ್ಯವನ್ನು, ಅವರ ಭಾಷೆಯಲ್ಲಿ 'ಪ್ರಾಜೆಕ್ಟ್' ಅನ್ನು, ಮಾಡಬೇಕಾಗಿತ್ತು. ಸಹಪಾಠಿಗಳು ಅಂಗಡಿಯ ಲೆಕ್ಕ, ಗ್ರಂಥಾಲಯದ ಪಟ್ಟಿ ಮೊದಲಾದ ವಿಷಯಗಳನ್ನು ಆರಿಸಿಕೊಂಡಾಗ, ಇವಳು ಕನ್ನಡ ಪದ್ಯಕ್ಕೆ ಪ್ರಸ್ತಾರ ಹಾಕಿ ಛಂದಸ್ಸನ್ನು ಗುರುತಿಸುವ ಕ್ರಮವಿಧಿಯನ್ನು ರಚಿಸುವೆನೆಂದಳು. ಮಾರ್ಗದರ್ಶಕರು ಸಮ್ಮತಿಸಿದರು. ಅಲ್ಲಿಂದ ನಾನು ಗುರುವಾಗಿಯೂ ಶಿಷ್ಯನಾಗಿಯೂ ಮೂರು ತಿಂಗಳು ದುಡಿದೆ.

ಮೊದಲನೆಯ ತೊಡಕು ಅಕ್ಷರದಲ್ಲೇ ಎದ್ದಿತು. 'ಕನ್ನಡ' ಎಂಬ ಶಬ್ದಕ್ಕೆ ಅಕ್ಷರಗಳೆಷ್ಟು ಎಂದರೆ ನಾವು ಮೂರು ಎನ್ನುತ್ತೇವೆ. ಯಂತ್ರವು ಐದು ಎಂದಿತು! ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆಗಳನ್ನು ಹಂಚಿರುವ ಯೂನಿಕೋಡ್ ಎಂಬ ಸಂಕೇತ ವ್ಯವಸ್ಥೆಯಲ್ಲಿ ಕನ್ನಡಕ್ಕೆ 128 ಮನೆಗಳನ್ನು ಕಾಯ್ದಿರಿಸಿದ್ದಾರೆ. ಅದರಲ್ಲಿ 'ಕನ್ನಡ' ಶಬ್ದವು ಕ, ನ, ಹಲಂತ ಚಿಹ್ನೆ, ನ, ಡ ಎಂದು ಐದು ಸಂಖ್ಯೆಗಳಾಗಿ ಕುಳಿತಿದೆ. ಕೇಶಿರಾಜನ ದಾರಿಯಲ್ಲಿ ನಡೆದ ನಮಗೆ ಕಕಾರ ವ್ಯಂಜನಕ್ಕೆ ಅಕಾರ ಸೇರಿದರೆ 'ಕ' ಆಗುತ್ತದೆ. ಯಂತ್ರದಲ್ಲಿ ಇದು ತಿರುವುಮುರುವು: 'ಕ' ಮೊದಲೇ ಅಕಾರಸಹಿತವಾಗಿ ಹುಟ್ಟಿದೆ, ಹಲಂತ ಚಿಹ್ನೆಯು ಬಂದು ಅಕಾರವನ್ನು ಕಳೆಯುತ್ತದೆ. ವೈಯಾಕರಣನು ಕೂಡಿಸುತ್ತಾನೆ, ಯಂತ್ರವು ಕಳೆಯುತ್ತದೆ. ಲಿಪಿಯನ್ನು ಬರೆಯುವ ಕೈಗೆ ಯಂತ್ರದ ಕ್ರಮವೇ ಸಹಜ, ಶಬ್ದವನ್ನು ಆಲಿಸುವ ಕಿವಿಗೆ ವ್ಯಾಕರಣದ ಕ್ರಮವೇ ಸಹಜ. ಛಂದಸ್ಸು ಕಿವಿಗೆ ಸೇರಿದ್ದಾದ್ದರಿಂದ ಅವಳು ಮೊದಲು ಯಂತ್ರದ ಸಂಖ್ಯೆಗಳನ್ನು ನಮ್ಮ ಅಕ್ಷರಗಳಾಗಿ ಗುಂಪುಗೂಡಿಸುವ ವಿಧಿಯನ್ನು ಬರೆದಳು. ನಮ್ಮ ಶಾಲೆಯ ಹಳೆಯ ಬೆರಳಚ್ಚಿನ ಕಡತಗಳು ಯೂನಿಕೋಡಿಗೆ ಮುಂಚಿನ ನುಡಿ ಲಿಪಿಯಲ್ಲಿದ್ದುದರಿಂದ ಅವುಗಳನ್ನು ಪರಿವರ್ತಿಸಿಕೊಳ್ಳುವ ಶ್ರಮವೂ ಬಿದ್ದಿತು.

ಆಮೇಲೆ ಲಘು ಗುರು. ದೀರ್ಘಸ್ವರ, ಅನುಸ್ವಾರ, ವಿಸರ್ಗ, ಐ ಔಗಳು, ಮುಂದೆ ಒತ್ತಕ್ಷರವಿರುವ ಅಕ್ಷರ, ವ್ಯಂಜನಾಂತ್ಯವಾದ ಅಕ್ಷರ: ಇವು ಗುರುಗಳು. ಉಳಿದವು ಲಘುಗಳು. ನಾನು ಹೇಳಿದೆ, ಅವಳು ಬರೆದಳು. ಯಂತ್ರವು 'ಕನ್ನಡ', 'ಬೀದರ' ಎರಡನ್ನೂ ಗುರು, ಲಘು, ಲಘು ಎಂದು ಹಿಡಿದು ಭಗಣವೆಂದೂ ಪ್ರಸ್ತಾರದಲ್ಲಿ ಏಳನೆಯ ಸಾಲೆಂದೂ ಹೇಳಿತು. 'ಔರಾದ' ತಗಣ, ಐದನೆಯ ಸಾಲು. ತಮ್ಮನು ಅಂದು ಊರಿನಿಂದ ಬಂದಿದ್ದನು. ತನ್ನ ಊರಿಗೂ ಒಂದು ಗಣವುಂಟೆಂದು ತಿಳಿದು ಅವನು ಸಂತೋಷಪಟ್ಟನು. ಕಂದಪದ್ಯದ ಅರುವತ್ತನಾಲ್ಕು ಮಾತ್ರೆಗಳು, ಬೆಸಸ್ಥಾನಗಳಲ್ಲಿ ಜಗಣವು ಬರಬಾರದೆಂಬ ನಿಷೇಧ, ಆರನೆಯ ಗಣವು ಜಗಣವೋ ಸರ್ವಲಘುವೋ ಆಗಿರಬೇಕೆಂಬ ವಿಧಿ, ಇವೆಲ್ಲವೂ ಒಂದೊಂದಾಗಿ ಯಂತ್ರದೊಳಗೆ ಹೋದವು.

ಹೀಗೆ ಸಾಗುತ್ತಿರುವಾಗ ಒಂದು ದಿನ ಯಂತ್ರವು ಶುದ್ಧವಾದ ಒಂದು ಹಳಗನ್ನಡ ಕಂದವನ್ನು ಅಶುದ್ಧವೆಂದು ತಳ್ಳಿಹಾಕಿತು. ಹುಡುಗಿ ಎರಡು ದಿನ ತನ್ನ ಕ್ರಮವಿಧಿಯಲ್ಲಿ ದೋಷ ಹುಡುಕಿದಳು, ದೋಷವಿರಲಿಲ್ಲ. ಪದ್ಯವನ್ನು ನಾನು ಗಟ್ಟಿಯಾಗಿ ಓದಿದೊಡನೆ ಕಾರಣವು ಹೊಳೆಯಿತು. ಅದು ಶಿಥಿಲದ್ವಿತ್ವ. 'ಅಮರ್ದು' ಎಂಬಂತಹ ಶಬ್ದಗಳಲ್ಲಿ ಒತ್ತಕ್ಷರವು ಕಣ್ಣಿಗೆ ಕಂಡರೂ ಅದರ ಉಚ್ಚಾರಣೆ ಸಡಿಲವಾಗಿರುವಲ್ಲಿ ಹಿಂದಿನ ಅಕ್ಷರವು ಗುರುವಾಗುವುದಿಲ್ಲ, ಮೂರೂ ಲಘುಗಳೇ. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಶಿಥಿಲದ ವಿಚಾರವನ್ನು ಎತ್ತಿ ಹೇಳಿರುವುದು ಇದಕ್ಕಾಗಿಯೇ. ಬರಹವನ್ನಷ್ಟೇ ನೋಡುವವರಿಗೆ ಅದು ತಿಳಿಯುವಂತಿಲ್ಲ. ಕಾವ್ಯವನ್ನು ಕೇಳಿ ಬೆಳೆದ ಕಿವಿ ಬೇಕು. ಕಡೆಗೆ ಅಂತಹ ಶಬ್ದಗಳ ಪಟ್ಟಿಯೊಂದನ್ನು ನಾನು ಸಿದ್ಧಪಡಿಸಿಕೊಟ್ಟೆ. ಪಟ್ಟಿಯಲ್ಲಿಲ್ಲದ ಸಂದೇಹಸ್ಥಾನ ಬಂದರೆ ಯಂತ್ರವು ತೀರ್ಪು ಕೊಡದೆ ಓದುಗನನ್ನು ಕೇಳುವಂತೆ ಅವಳು ಏರ್ಪಡಿಸಿದಳು. ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಹೆಚ್ಚು ಪ್ರಶ್ನೆ ಕೇಳಿದ್ದು ಈ ಒಂದು ಅಂಶದ ಮೇಲೆಯೇ ಎಂದು ಅವಳು ಬಂದು ಹೇಳಿದಳು. ಅವರ ಪ್ರಶ್ನೆಗಳಿಗೆ ಅವಳು ಇಂಗ್ಲಿಷಿನಲ್ಲಿಯೇ, ನಿಧಾನವಾಗಿ, ತಪ್ಪಿಲ್ಲದೆ ಉತ್ತರಿಸಿದ್ದಳು.

2023ರ ಕೊನೆಗೆ ವ್ಯಾಸಂಗ ಮುಗಿಯಿತು. ಪದವಿ ಬಂದ ಮರುದಿನವೇ ಉದ್ಯೋಗವು ಬಾಗಿಲಿಗೆ ಬಂದಿತೆಂದು ಬರೆದರೆ ಸತ್ಯಕ್ಕೆ ದೂರವಾದೀತು. ಏಳು ತಿಂಗಳು ಅವಳು ಸಂದರ್ಶನಗಳಿಗೆ ಅಲೆದಳು. ಸಾಲದ ಕಂತಿನ ನೆನಪೋಲೆಗಳು ತಮ್ಮನಿಗೂ ನನಗೂ ಬಂದವು. ಆ ದಿನಗಳಲ್ಲಿ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತನಾಡುತ್ತಿರಲಿಲ್ಲ. ಕಡೆಗೆ ಹೈದರಾಬಾದಿನ ಒಂದು ಸಂಸ್ಥೆಯಲ್ಲಿ ಕೆಲಸವಾಯಿತು. ಈಗ ಕಂತುಗಳನ್ನು ಅವಳೇ ತೀರಿಸುತ್ತಿದ್ದಾಳೆ; ತಂಗಿಯ ಓದಿನ ಭಾರವನ್ನೂ ಹೊತ್ತಿದ್ದಾಳೆ.

ಆದರೆ ಅವಳ ತರಗತಿಯಲ್ಲಿ ಔರಾದ ತಾಲೂಕಿನವನೇ ಆದ ಇನ್ನೊಬ್ಬ ಹುಡುಗನಿದ್ದನು. ಅವನೂ ನಮ್ಮ ಶಾಲೆಯ ವಿದ್ಯಾರ್ಥಿ, ಪ್ರಸಾದ ನಿಲಯದಲ್ಲಿದ್ದು ಓದಿದವನು. ಲೆಕ್ಕದಲ್ಲಿ ಅವನು ನಮ್ಮ ಹುಡುಗಿಗಿಂತ ಒಂದು ಕೈ ಮೇಲು. ಅವನು ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇದ್ದನು. ರಾತ್ರಿ ಪಾಠ ಕೇಳುವವರು ಅವನಿಗೆ ಯಾರೂ ಇರಲಿಲ್ಲ. ಎರಡನೆಯ ಷಣ್ಮಾಸದ ನಡುವೆ ಕಾಲೇಜು ಬಿಟ್ಟನು. ಈಗ ಒಂದು ಮೊಬೈಲ್ ದುರಸ್ತಿಯ ಅಂಗಡಿಯಲ್ಲಿ ದುಡಿಯುತ್ತಿದ್ದಾನೆ. ದುಡಿಮೆಯಲ್ಲಿ ಹೀನವಾದದ್ದು ಯಾವುದೂ ಇಲ್ಲ. ಅವನು ಕೈಲಾದಷ್ಟು ಚೆನ್ನಾಗಿಯೇ ಮಾಡುತ್ತಾನೆ. ಆದರೆ ಆ ಬುದ್ಧಿಗೆ ತಕ್ಕ ಕ್ಷೇತ್ರವು ಸಿಗದೆಹೋದದ್ದು ಭಾಷೆಯೊಂದರ ಕಾರಣದಿಂದ ಎಂದು ನೆನೆದಾಗ ಮನಸ್ಸು ನೋಯುತ್ತದೆ. ಇಬ್ಬರಿಗೂ ಒಂದೇ ಶಾಲೆ, ಒಂದೇ ತಾಲೂಕು, ಒಂದೇ ಮೀಸಲು. ವ್ಯತ್ಯಾಸವಿದ್ದದ್ದು ದಿನಕ್ಕೆ ಒಂದು ಗಂಟೆಯಲ್ಲಿ.

ಆ ಒಂದು ಗಂಟೆಯನ್ನು ಸಂಸ್ಥೆಯು ಕೊಡಬಲ್ಲದು. ಅಧ್ಯಾಪಕ ಬಂಧುಗಳಲ್ಲಿ ನನ್ನ ಪ್ರಾರ್ಥನೆ: ಛಂದಸ್ಸು, ವ್ಯಾಕರಣಗಳನ್ನು ಅಂಕ ತರುವ ಪಾಠವೆಂದು ಮಾತ್ರ ಕಲಿಸದೆ, ಕ್ರಮಬದ್ಧ ವಿಚಾರದ ಅಭ್ಯಾಸವೆಂದು ಕಲಿಸೋಣ, ಗಣಿತದ ಗುರುಗಳೂ ಕನ್ನಡದ ಗುರುಗಳೂ ವರ್ಷಕ್ಕೆ ಒಂದು ವಾರವಾದರೂ ಪ್ರಸ್ತಾರದ ಪಾಠವನ್ನು ಜೊತೆಗೂಡಿ ಮಾಡೋಣ. ಇಂಗ್ಲಿಷನ್ನು ಗಟ್ಟಿಯಾಗಿ ಮಾತನಾಡಿಸುವ ಅಭ್ಯಾಸವನ್ನು ಎಂಟನೆಯ ತರಗತಿಯಿಂದಲೇ ನಾಚಿಕೆ ಬಿಡಿಸಿ ಮಾಡಿಸೋಣ. ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿ ಗಣಕ ಕ್ಷೇತ್ರದಲ್ಲಿ ದುಡಿಯುತ್ತಿರುವ ಹಳೆಯ ವಿದ್ಯಾರ್ಥಿಗಳಲ್ಲಿ ಕೋರಿಕೆ: ಕಾಲೇಜಿಗೆ ಸೇರಿದ ನಮ್ಮ ಮಕ್ಕಳಲ್ಲಿ ಒಬ್ಬೊಬ್ಬರನ್ನು ನೀವು ಆರಿಸಿಕೊಂಡು, ವಾರಕ್ಕೆ ಎರಡು ಸಲ ದೂರವಾಣಿಯಲ್ಲಿ ಅವರ ಪಾಠವನ್ನು ಕನ್ನಡದಲ್ಲಿ ಕೇಳಿರಿ. ಕಲಿಸಬೇಕಾದ ಅಗತ್ಯವೂ ಇಲ್ಲ, ಕೇಳಿದರೆ ಸಾಕು. ದಾನಿಗಳಲ್ಲಿ ಬಿನ್ನಹ: ಕಟ್ಟಡಕ್ಕೆ ಕಲ್ಲು ಕೊಟ್ಟ ಕೈಗಳು ಪ್ರಸಾದ ನಿಲಯದ ಒಂದು ಕೋಣೆಯಲ್ಲಿ ನಾಲ್ಕು ಗಣಕಯಂತ್ರಗಳನ್ನೂ ಕೆಲವು ಪಠ್ಯಗ್ರಂಥಗಳನ್ನೂ ಇರಿಸಲಿ, ಶಾಲೆ ಬಿಟ್ಟುಹೋದ ಮೇಲೂ ನಗರದಲ್ಲಿ ಓದುತ್ತಿರುವ ನಮ್ಮ ಮಕ್ಕಳು ಸಂಜೆ ಅಲ್ಲಿ ಬಂದು ಕುಳಿತುಕೊಳ್ಳಲಿ. ಕೇಳುವ ಕೆಲಸಕ್ಕೆ ನನ್ನ ಹೆಸರನ್ನು ಮೊದಲು ಬರೆದುಕೊಳ್ಳಬಹುದು.

ಮುಂದಿನ ಬೇಸಿಗೆಯಲ್ಲಿಯೂ ಔರಾದಿನಿಂದ ಯಾರಾದರೂ ಬಂದು, ಕನ್ನಡ ಶಾಲೆಯಲ್ಲಿ ಓದಿದವರಿಗೆ ಗಣಕ ವಿದ್ಯೆ ಹತ್ತೀತೇ ಎಂದು ಕೇಳುವರು. ಹತ್ತೀತು, ಒಬ್ಬರು ಜೊತೆಗೆ ಕುಳಿತರೆ ನಿಶ್ಚಯವಾಗಿ ಹತ್ತೀತು ಎಂಬುದೇ ನನ್ನ ಉತ್ತರ. ಹಾಗೆ ಕುಳಿತುಕೊಳ್ಳುವವರ ಸಂಖ್ಯೆಯು ನಮ್ಮ ಸಂಸ್ಥೆಯಲ್ಲಿ ವರ್ಷದಿಂದ ವರ್ಷಕ್ಕೆ ಪ್ರಸ್ತಾರದ ಸಾಲುಗಳಂತೆ ಇಮ್ಮಡಿಸಲಿ ಎಂದು ಹಾರೈಸಿ ಈ ಬರಹವನ್ನು ಮುಗಿಸುತ್ತೇನೆ.